ಅನ್ನ, ಮುದ್ದೆ, ಹತ್ತಿ: ಕಾರ್ಬೋಹೈಡ್ರೇಟ್ ಪಾಠವನ್ನು ಮನೆಯಲ್ಲೇ ಮಾಡಿ ಕಲಿಯುವುದು ಹೇಗೆ

ಹನುಮಂತನಗರದಲ್ಲಿ ನಮ್ಮ ಮನೆ ಮಹಡಿ ಮೇಲೆ ಪಿಯುಸಿ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಹೇಳಿಕೊಡುತ್ತೇನೆ. ಜೈವಿಕ ಅಣುಗಳ ಪಾಠಕ್ಕೆ ಬರುವ ಹೊತ್ತಿಗೆ ಮಕ್ಕಳು ಪಟ್ಟಿಯನ್ನು ಉರು ಹೊಡೆದೇ ಬಂದಿರುತ್ತಾರೆ. ಮಾನೋಸ್ಯಾಕರೈಡ್, ಡೈಸ್ಯಾಕರೈಡ್, ಪಾಲಿಸ್ಯಾಕರೈಡ್ ಎಂದು ಪಟಪಟ ಹೇಳುತ್ತಾರೆ. "ಸರಿ, ನೀನು ತಿಂದ ಅನ್ನಕ್ಕೂ ನೀನು ಹಾಕಿಕೊಂಡಿರೋ ಕಾಟನ್ ಚೂಡಿದಾರಕ್ಕೂ ಏನು ಸಂಬಂಧ?" ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅನ್ನದ ಪಿಷ್ಟವೂ ಗ್ಲೂಕೋಸ್, ಹತ್ತಿಯ ಸೆಲ್ಯುಲೋಸೂ ಗ್ಲೂಕೋಸ್. ಒಂದನ್ನು ತಿನ್ನುತ್ತೇವೆ, ಇನ್ನೊಂದನ್ನು ಉಡುತ್ತೇವೆ.

ಅದಕ್ಕೇ ನಾನು ಪಟ್ಟಿಯಿಂದ ಶುರು ಮಾಡುವುದಿಲ್ಲ. ಯಾವ ಕಾರ್ಬೋಹೈಡ್ರೇಟ್ ಎದುರಿಗೆ ಬಂದರೂ ಎರಡು ಪ್ರಶ್ನೆ ಕೇಳಿ ಎನ್ನುತ್ತೇನೆ. ಇದರಲ್ಲಿರೋ ಸಕ್ಕರೆ ಯಾವುದು? ಅದನ್ನು ಹೇಗೆ ಕಟ್ಟಿದ್ದಾರೆ? ಗಾಂಧಿ ಬಜಾರ್‌ನಲ್ಲಿ ಹೂ ಕಟ್ಟುವವರನ್ನು ನೋಡಿದ್ದೀರಲ್ಲ. ಅದೇ ಮಲ್ಲಿಗೆ, ಒಬ್ಬರು ಬಿಡಿಯಾಗಿ ಕಟ್ಟುತ್ತಾರೆ, ಇನ್ನೊಬ್ಬರು ಒತ್ತಾಗಿ ಕಟ್ಟುತ್ತಾರೆ. ಹೂವು ಒಂದೇ, ಗಂಟು ಬೇರೆ. ಸಿಹಿ, ಪಿಷ್ಟ, ನಾರು ಅಂತ ನಾವು ಬೇರೆ ಮಾಡುವುದೆಲ್ಲ ಬಹುಮಟ್ಟಿಗೆ ಈ ಗಂಟಿನ ವ್ಯತ್ಯಾಸ. ಇದನ್ನು ಕಣ್ಣಾರೆ ನೋಡಲು ಕಾಲೇಜು ಲ್ಯಾಬ್ ಬೇಕಿಲ್ಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಏನೇನು ಬೇಕು

ಮೆಡಿಕಲ್ ಶಾಪ್‌ನಿಂದ ಎರಡು ವಸ್ತು ತನ್ನಿ. ಒಂದು, ಟಿಂಚರ್ ಅಯೋಡಿನ್. ಅದು ಸಿಗದಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ, ಅಂದರೆ ಬೀಟಾಡಿನ್ ತರಹದ್ದು. ಮುಲಾಮು ಬೇಡ, ನೀರಿನಂತಿರುವುದೇ ಬೇಕು. ಇನ್ನೊಂದು, ಮೂತ್ರದಲ್ಲಿ ಗ್ಲೂಕೋಸ್ ನೋಡುವ ಸ್ಟ್ರಿಪ್ಪಿನ ಡಬ್ಬಿ. ಬೆರಳು ಚುಚ್ಚಿ ರಕ್ತ ನೋಡುವ ಮೀಟರಿನ ಸ್ಟ್ರಿಪ್ ತಂದುಬಿಡಬೇಡಿ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಉಳಿದದ್ದು ಮನೆಯಲ್ಲೇ ಇದೆ. ಬಿಳಿ ಪಿಂಗಾಣಿ ತಟ್ಟೆ, ಖಾಲಿಯಾದ ಐ ಡ್ರಾಪ್ಸ್ ಬಾಟಲಿ, ನಾಲ್ಕು ಲೋಟ, ಸ್ವಲ್ಪ ಅನ್ನ, ಮುದ್ದೆಯ ಚೂರು, ಆಲೂಗಡ್ಡೆ, ಹತ್ತಿ, ಸಕ್ಕರೆ, ಬೆಲ್ಲ, ಜೇನು, ತುಪ್ಪ, ಬೇಯಿಸಿದ ಮೊಟ್ಟೆಯ ಬಿಳಿ, ಒಂದು ಕಾಯಿ ಏಲಕ್ಕಿ ಬಾಳೆ, ಒಂದು ಚೆನ್ನಾಗಿ ಕಳಿತ ಏಲಕ್ಕಿ ಬಾಳೆ. ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಅನ್ನುವವರು ಅದನ್ನು ಬಿಡಿ, ನಷ್ಟವಿಲ್ಲ.

ಒಂದು ಚಮಚ ಅಯೋಡಿನ್‌ಗೆ ಹತ್ತು ಚಮಚ ನೀರು ಬೆರೆಸಿ. ಲೈಟ್ ಟೀ ಬಣ್ಣಕ್ಕೆ ಬರಬೇಕು. ಗಟ್ಟಿ ಅಯೋಡಿನ್ ಹಾಕಿದರೆ ಎಲ್ಲವೂ ಕಪ್ಪಗೇ ಕಂಡು, ಯಾವುದು ಪಿಷ್ಟ ಯಾವುದು ಕಲೆ ಅಂತ ಗೊತ್ತಾಗುವುದಿಲ್ಲ. ಟಿಂಚರ್‌ನಲ್ಲಿ ಸ್ಪಿರಿಟ್ ಇರುತ್ತದೆ, ಹಾಗಾಗಿ ಒಲೆ ಪಕ್ಕ ಇಡಬೇಡಿ. ಅಯೋಡಿನ್ ಬಿದ್ದ ಯಾವುದನ್ನೂ ಬಾಯಿಗೆ ಹಾಕಬೇಡಿ.

ಮೊದಲು ತಟ್ಟೆ

ತಟ್ಟೆಯಲ್ಲಿ ಎಲ್ಲವನ್ನೂ ಚೂರು ಚೂರು ದೂರ ದೂರ ಇಟ್ಟು, ಒಂದೊಂದು ಹನಿ ಬಿಡಿ. ಅನ್ನ, ಆಲೂಗಡ್ಡೆ ಕಣ್ಣ ಮುಂದೆಯೇ ನೀಲಿ ಕಪ್ಪಾಗುತ್ತವೆ. ಸಕ್ಕರೆ, ತುಪ್ಪ, ಮೊಟ್ಟೆಯ ಬಿಳಿ, ಹತ್ತಿ ಇವುಗಳ ಮೇಲೆ ಹನಿ ಟೀ ಬಣ್ಣದಲ್ಲೇ ಉಳಿಯುತ್ತದೆ. ಪಿಷ್ಟದ ಒಂದು ಭಾಗವಾದ ಅಮೈಲೋಸ್ ಸರಪಳಿ ಸುರುಳಿ ಸುತ್ತಿಕೊಂಡಿರುತ್ತದೆ. ಒಂದು ಸುತ್ತಿಗೆ ಸುಮಾರು 6 ಗ್ಲೂಕೋಸ್. ಅಯೋಡಿನ್ ಆ ಸುರುಳಿಯ ಒಳಗೆ ಹೋಗಿ ಕೂರುತ್ತದೆ, ಬಣ್ಣ ಬರುವುದು ಅದರಿಂದ. ಹತ್ತಿಯಲ್ಲೂ ಗ್ಲೂಕೋಸ್ ಸರಪಳಿಯೇ ಇದ್ದರೂ ಅದು ಸುರುಳಿಯಾಗದೆ ನೇರವಾಗಿ, ಸಾಲು ಸಾಲಾಗಿ ನಿಲ್ಲುತ್ತದೆ. ಅಯೋಡಿನ್‌ಗೆ ಕೂರಲು ಜಾಗವೇ ಇಲ್ಲ.

ಎರಡು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಬಿಸಿ ಅನ್ನದ ಮೇಲೆ ಬಣ್ಣ ಸರಿಯಾಗಿ ಬರುವುದಿಲ್ಲ, ಆರಲಿ. ಇನ್ನು ಮುದ್ದೆ. ಅದರ ಬಣ್ಣವೇ ಕಡುಗಂದು, ಮೇಲೆ ಹನಿ ಬಿಟ್ಟರೆ ಏನೂ ಕಾಣುವುದಿಲ್ಲ. "ಮಿಸ್, ರಾಗಿಯಲ್ಲಿ ಸ್ಟಾರ್ಚ್ ಇಲ್ಲ" ಎಂದು ಬರೆದುಕೊಂಡು ಬಂದವರೂ ಇದ್ದಾರೆ. ಮುದ್ದೆಯ ಚೂರನ್ನು ನೀರಿನಲ್ಲಿ ಕಿವುಚಿ, ಐದು ನಿಮಿಷ ಬಿಡಿ. ಹೊಟ್ಟು ಕೆಳಗೆ ಇಳಿಯುತ್ತದೆ. ಮೇಲಿನ ಮಬ್ಬು ನೀರಿಗೆ ಹನಿ ಬಿಟ್ಟು ನೋಡಿ, ಅನ್ನದಷ್ಟೇ ನೀಲಿ.

ರಾಗಿ ತಿಂದರೆ ಶುಗರ್ ಏರಲ್ಲ ಅನ್ನುವ ನಂಬಿಕೆ ನಮ್ಮೂರಲ್ಲಿ ಜಾಸ್ತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿ ತೆಗೆದು ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಪಾಲಿಶ್ ಅಕ್ಕಿಯಲ್ಲಿ 78. ಅಂಥಾ ಅಂತರವೇನಿಲ್ಲ. ರಾಗಿ ಗೆಲ್ಲುವುದು ಬೇರೆ ಕಡೆ. ನಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತೂ ಇಲ್ಲ. ರಾಗಿ ತಿನ್ನಿ, ಖಂಡಿತ ತಿನ್ನಿ. ಆದರೆ ಎರಡು ಮುದ್ದೆ ನುಂಗಿ, ಸಕ್ಕರೆ ಕಾಯಿಲೆಗೆ ಔಷಧ ಮಾಡಿಕೊಂಡೆ ಅಂದುಕೊಳ್ಳಬೇಡಿ.

ಅಯೋಡಿನ್ ಕೈಯಲ್ಲಿರುವಾಗಲೇ ಪನೀರಿನ ಒಂದು ಚೂರಿಗೂ ಹನಿ ಬಿಟ್ಟು ನೋಡಬಹುದು. ನೀಲಿಯಾದರೆ ಪಿಷ್ಟ ಬೆರೆಸಿದ್ದಾರೆ ಅಂತ ಅರ್ಥ. ಮನೆಯಲ್ಲೇ ಮಾಡುವ ಕಲಬೆರಕೆ ಪರೀಕ್ಷೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಇದನ್ನು ಹೇಳಿಕೊಡುತ್ತದೆ.

ತಟ್ಟೆಯ ಮೇಲೆ ಈಗ ಮೂರು ಬಗೆ ದೊಡ್ಡ ಅಣುಗಳು ಕೂತಿವೆ. ಅನ್ನದಲ್ಲಿ ಕಾರ್ಬೋಹೈಡ್ರೇಟ್, ಮೊಟ್ಟೆಯಲ್ಲಿ ಪ್ರೋಟೀನ್, ತುಪ್ಪದಲ್ಲಿ ಕೊಬ್ಬು. ನಾಲ್ಕನೆಯದು ನ್ಯೂಕ್ಲಿಕ್ ಆಮ್ಲ, ಬಾಳೆಹಣ್ಣಿನ ಪ್ರತಿ ಜೀವಕೋಶದಲ್ಲೂ ಇದೆ, ಇವತ್ತು ಅದರ ಗೋಜಿಗೆ ಹೋಗುವುದಿಲ್ಲ. ಪರೀಕ್ಷೆಗೆ ಒಂದು ಮಾತು: ಕೊಬ್ಬನ್ನು ಈ ಸಾಲಿನಲ್ಲಿ ಸೇರಿಸಿದರೂ ಅದು ಒಂದೇ ಘಟಕ ಮತ್ತೆ ಮತ್ತೆ ಜೋಡಿಸಿದ ಸರಪಳಿ ಅಲ್ಲ. ನೀಟ್‌ನಲ್ಲಿ ಮಕ್ಕಳು ಎಡವುವುದು ಇಲ್ಲೇ.

ಜೋಡಣೆಯ ಲೆಕ್ಕ ಚಿಕ್ಕದು. ಗ್ಲೂಕೋಸಿನ ಅಣುತೂಕ 180, ಫ್ರಕ್ಟೋಸ್ ಅನ್ನುವ ಇನ್ನೊಂದು ಬಿಡಿ ಸಕ್ಕರೆಯದೂ 180. ಎರಡೂ ಸೇರಿ ನಾವು ಕಾಫಿಗೆ ಹಾಕುವ ಸಕ್ಕರೆ ಆಗುವಾಗ ಒಂದು ನೀರಿನ ಅಣು, ಅಂದರೆ 18, ಹೊರಗೆ ಹೋಗುತ್ತದೆ. ಉಳಿಯುವುದು 342. ಎಷ್ಟೇ ಉದ್ದದ ಸರಪಳಿಯಾದರೂ ಒಂದೊಂದು ಗಂಟಿಗೂ ಒಂದೊಂದು ನೀರು ಕಳೆಯಿರಿ. ಜೀರ್ಣ ಅಂದರೆ ಆ ನೀರನ್ನು ವಾಪಸ್ ಸೇರಿಸಿ ಗಂಟು ಬಿಚ್ಚುವುದು, ಅಷ್ಟೇ.

ಗಂಟು ಬಿಚ್ಚುವುದನ್ನು ನೋಡುವುದು

ಈ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಅಡುಗೆಮನೆಯಲ್ಲಿ ಮಾತ್ರ ಮಾಡಬೇಡಿ, ಎಂಜಲಿನ ಕೆಲಸ, ಮನೆಯಲ್ಲಿ ಅಜ್ಜಿ ಇದ್ದರೆ ದೊಡ್ಡ ರಂಪ ಆಗುತ್ತದೆ. ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಜಾಗ ಮಾಡಿಕೊಳ್ಳಿ.

ಒಂದು ಹಿಡಿ ಅಕ್ಕಿಯನ್ನು ಜಾಸ್ತಿ ನೀರಿಟ್ಟು ತೆರೆದ ಪಾತ್ರೆಯಲ್ಲಿ ಬೇಯಿಸಿ ಗಂಜಿ ಬಸಿಯಿರಿ. ಅದನ್ನು ಶೋಧಿಸಿ, ಒಂದು ಚಮಚ ಗಂಜಿಗೆ ಅರ್ಧ ಲೋಟ ನೀರು ಸೇರಿಸಿ ತೆಳ್ಳಗೆ ಮಾಡಿ. ಗಂಜಿ ಗಟ್ಟಿಯಿದ್ದರೆ ಮಧ್ಯಾಹ್ನದವರೆಗೂ ಕಾಯಬೇಕಾಗುತ್ತದೆ. ಬಾಯಿ ಮುಕ್ಕಳಿಸಿ, ಎರಡು ನಿಮಿಷ ಬಿಟ್ಟು, ಒಂದು ಚಮಚದಷ್ಟು ಜೊಲ್ಲು ಲೋಟಕ್ಕೆ ಉಗಿದುಕೊಳ್ಳಿ. ಹುಣಸೆಹಣ್ಣು ನೆನೆಸಿಕೊಂಡರೆ ಬೇಗ ಬರುತ್ತದೆ.

ತೆಳು ಗಂಜಿಯನ್ನು ನಾಲ್ಕು ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಜೊಲ್ಲು. ಮೂರನೆಯದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಜೊಲ್ಲು. ನಾಲ್ಕನೆಯದಕ್ಕೆ ಮೊದಲು ಒಂದು ಚಮಚ ವಿನೆಗರ್, ಆಮೇಲೆ ಜೊಲ್ಲು. ವಿನೆಗರ್ ಇಲ್ಲ ಅಂತ ನಿಂಬೆಹಣ್ಣು ಹಿಂಡಬೇಡಿ. ನಿಂಬೆಯಲ್ಲಿರುವ ವಿಟಮಿನ್ ಸಿ ಅಯೋಡಿನ್‌ನ ಬಣ್ಣವನ್ನೇ ತೆಗೆದುಬಿಡುತ್ತದೆ. ಪಿಷ್ಟ ಅಲ್ಲೇ ಇದ್ದರೂ ಇಲ್ಲ ಅಂತ ಅನ್ನಿಸುತ್ತದೆ. ನಾಲ್ಕೂ ಲೋಟವನ್ನು ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನ ಪಾತ್ರೆಯಲ್ಲಿಡಿ.

ಇನ್ನು ತಟ್ಟೆ ತೊಳೆದು ಅಯೋಡಿನ್ ಹನಿಗಳನ್ನು ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಇಡಿ. ಎರಡೆರಡು ನಿಮಿಷಕ್ಕೊಮ್ಮೆ ಪ್ರತಿ ಲೋಟದಿಂದ ಒಂದು ಹನಿ ತೆಗೆದು ಒಂದು ಚುಕ್ಕಿಗೆ ಬಿಡಿ. ಡ್ರಾಪರ್ ಪ್ರತಿ ಸಲ ತೊಳೆಯಬೇಕು. ಮೊದಲನೆಯ ಲೋಟದ ಸಾಲು ಕೊನೆವರೆಗೂ ನೀಲಿ. ಎರಡನೆಯದು ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಪುಗಂದಿಗೆ ಇಳಿದು ಕೊನೆಗೆ ಬರೀ ಟೀ ಬಣ್ಣ ಉಳಿಯುತ್ತದೆ. ಆ ಕೆಂಪುಗಂದು ಬಣ್ಣ ತಪ್ಪಿಸಿಕೊಳ್ಳಬೇಡಿ. ಸರಪಳಿ ಅರ್ಧಂಬರ್ಧ ತುಂಡಾಗಿದೆ, ಚಿಕ್ಕ ತುಂಡುಗಳಲ್ಲಿ ಉದ್ದ ಸುರುಳಿ ಇಲ್ಲ ಅಂತ ಅದು ಹೇಳುತ್ತಿದೆ. ಮೂರು ಮತ್ತು ನಾಲ್ಕನೆಯದು ನೀಲಿಯಾಗಿಯೇ ಇರುತ್ತವೆ. ಕೆಲಸ ಮಾಡುವುದು ಅಮೈಲೇಸ್ ಅನ್ನುವ ಕಿಣ್ವ, ಅದೊಂದು ಪ್ರೋಟೀನ್. ಕುದಿಸಿದರೆ ಅದರ ಆಕಾರ ಕೆಟ್ಟುಹೋಗುತ್ತದೆ, ಹುಳಿಗೂ ಹಾಗೆಯೇ. ಹೊಟ್ಟೆಯ ಆಮ್ಲ ಸಿಕ್ಕ ಮೇಲೆ ಜೊಲ್ಲಿನ ಅಮೈಲೇಸ್ ಯಾಕೆ ನಿಂತುಹೋಗುತ್ತದೆ ಅನ್ನುವುದಕ್ಕೆ ನಾಲ್ಕನೆಯ ಲೋಟವೇ ಉತ್ತರ.

ನಾಲ್ಕು ಜನ ಮಕ್ಕಳು ಒಟ್ಟಿಗೆ ಮಾಡಿದರೆ ಒಬ್ಬರದು ಐದು ನಿಮಿಷಕ್ಕೇ ಮುಗಿದಿರುತ್ತದೆ, ಇನ್ನೊಬ್ಬರದು ಇನ್ನೂ ನೇರಳೆಯಲ್ಲೇ ಇರುತ್ತದೆ. ಜಗಳ ಬೇಡ. ಈ ಅಮೈಲೇಸ್ ಜೀನಿನ ಪ್ರತಿಗಳು ಒಬ್ಬೊಬ್ಬರಲ್ಲಿ ಒಂದೊಂದು ಸಂಖ್ಯೆಯಲ್ಲಿರುತ್ತವೆ. ತಲೆಮಾರುಗಳಿಂದ ಪಿಷ್ಟ ಜಾಸ್ತಿ ತಿಂದುಕೊಂಡು ಬಂದ ಜನರಲ್ಲಿ ಸರಾಸರಿ ಹೆಚ್ಚು ಎಂದು 2007ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಆದರೆ ಆವತ್ತಿನ ಜೊಲ್ಲು ನೀರಾಗಿತ್ತೋ ಗಟ್ಟಿಯಾಗಿತ್ತೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ವಂಶದ ಹೆಮ್ಮೆ ಕೊಚ್ಚಿಕೊಳ್ಳಬೇಡಿ.

ಚಪಾತಿ ತುಂಡನ್ನು ಸುಮ್ನೆ ಎರಡು ನಿಮಿಷ ಜಗಿಯಿರಿ, ಸಿಹಿ ಬರುತ್ತದೆ. ಅದು ಮಾಲ್ಟೋಸ್, ಎರಡು ಗ್ಲೂಕೋಸ್ ಸೇರಿದ ಸಕ್ಕರೆ. ಮುದ್ದೆಯಲ್ಲಿ ಈ ಅನುಭವ ಆಗುವುದಿಲ್ಲ, ಯಾಕೆಂದರೆ ಮುದ್ದೆಯನ್ನು ಜಗಿಯುವ ಪದ್ಧತಿಯೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆಗ ಬಾಯಿಯ ಕೆಲಸವೂ ಮೇದೋಜೀರಕ ಗ್ರಂಥಿಯ ಪಾಲಿಗೆ ಬೀಳುತ್ತದೆ. ಅದರ ಅಮೈಲೇಸ್ ಸಣ್ಣ ಕರುಳಿನಲ್ಲಿ ಪಿಷ್ಟವನ್ನೆಲ್ಲ ತುಂಡು ಮಾಡುತ್ತದೆ, ಕರುಳಿನ ಗೋಡೆಯಲ್ಲಿರುವ ಕಿಣ್ವಗಳು ಕೊನೆಯ ಗಂಟು ಬಿಚ್ಚಿ ಗ್ಲೂಕೋಸನ್ನು ಬಿಡಿಸುತ್ತವೆ. ಹಾಲಿನ ಲ್ಯಾಕ್ಟೋಸನ್ನು ಬಿಡಿಸುವ ಕಿಣ್ವ ಬೆಳೆದವರಲ್ಲಿ ಎಷ್ಟೋ ಜನಕ್ಕೆ ಕಡಿಮೆಯಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಿಗೆ ಮೊಸರು ಒಗ್ಗುವುದು ಇದಕ್ಕೇ, ಅಲ್ಲಿ ಬ್ಯಾಕ್ಟೀರಿಯಾಗಳು ಒಂದಿಷ್ಟು ಲ್ಯಾಕ್ಟೋಸನ್ನು ಮೊದಲೇ ತಿಂದು ಮುಗಿಸಿರುತ್ತವೆ.

ಬಾಳೆಕಾಯಿಯಿಂದ ಬಾಳೆಹಣ್ಣಿಗೆ

ಎರಡು ಬಾಳೆಯನ್ನೂ ಅಡ್ಡಕ್ಕೆ ಕತ್ತರಿಸಿ ಅಯೋಡಿನ್ ಹಚ್ಚಿ. ಕಾಯಿ ಕಪ್ಪಗಾಗುತ್ತದೆ, ಹಣ್ಣು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಾಯಿಯ ತಿರುಳಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪಿಷ್ಟ, ಹಣ್ಣಾಗುವಾಗ ಅದು ಒಂದೆರಡಕ್ಕೆ ಇಳಿದು ಸಕ್ಕರೆಯಾಗುತ್ತದೆ. ಈಗ ಅಯೋಡಿನ್ ಮುಟ್ಟದ ತುಂಡುಗಳನ್ನು ನೀರಿನಲ್ಲಿ ಕಿವುಚಿ ಗ್ಲೂಕೋಸ್ ಸ್ಟ್ರಿಪ್ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್ ಕಾದು ಬಣ್ಣ ಹೋಲಿಸಿ. ಹಣ್ಣಿನದು ಬದಲಾಗುತ್ತದೆ.

ಅದೇ ಸ್ಟ್ರಿಪ್ಪನ್ನು ಸಕ್ಕರೆ ನೀರಿಗೆ ಅದ್ದಿ ನೋಡಿ. ಬಣ್ಣ ಬದಲಾಗುವುದಿಲ್ಲ! ಎಷ್ಟೇ ಸಿಹಿಯಿದ್ದರೂ ಅಲ್ಲಿ ಗ್ಲೂಕೋಸ್ ಬಿಡಿಯಾಗಿಲ್ಲ, ಫ್ರಕ್ಟೋಸ್ ಜೊತೆ ಕಟ್ಟಿಹಾಕಿಕೊಂಡಿದೆ. ಸ್ಟ್ರಿಪ್ ಗುರುತಿಸುವುದು ಬಿಡಿ ಗ್ಲೂಕೋಸನ್ನು ಮಾತ್ರ. ಜೇನುನೀರಿಗೆ ಅದ್ದಿದರೆ ಕೂಡಲೇ ಬದಲಾಗುತ್ತದೆ, ಜೇನ್ನೊಣ ಆ ಗಂಟನ್ನು ಮೊದಲೇ ಬಿಚ್ಚಿಟ್ಟಿದೆ. ಬೆಲ್ಲದ ನೀರಿನಲ್ಲೂ ಬಣ್ಣ ಬರುತ್ತದೆ, ಕಬ್ಬಿನ ಹಾಲು ಕುದಿಯುವಾಗ ಸ್ವಲ್ಪ ಸಕ್ಕರೆ ಒಡೆದಿರುತ್ತದೆ. ಬೆಲ್ಲ ಶುಗರ್‌ಗೆ ಒಳ್ಳೇದು ಅನ್ನುವವರ ಮುಂದೆ ಈ ಸ್ಟ್ರಿಪ್ ಹಿಡಿಯಲು ನನಗೆ ಸ್ವಲ್ಪ ಖುಷಿಯೇ.

ಮೈಯೊಳಗೆ ಹೋದ ಮೇಲೆ

ಇಲ್ಲಿಂದ ಮುಂದೆ ಲೋಟದಲ್ಲಿ ನೋಡಲಾಗದು, ಪೆನ್ನು ಹಿಡಿದು ಲೆಕ್ಕ ಹಾಕಬೇಕು. ಮನೆಯಲ್ಲಿ ಯಾರದಾದರೂ ಫಾಸ್ಟಿಂಗ್ ಶುಗರ್ ರಿಪೋರ್ಟ್ ಇದ್ದೇ ಇರುತ್ತದೆ. 90 ಎಂದಿದ್ದರೆ 100 ಮಿಲಿಲೀಟರ್ ರಕ್ತದಲ್ಲಿ 90 ಮಿಲಿಗ್ರಾಂ ಎಂದರ್ಥ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಗುಣಿಸಿ. ನಾಲ್ಕೂವರೆ ಗ್ರಾಂ. ಇಡೀ ಮೈಯ ರಕ್ತದಲ್ಲಿ ಓಡಾಡುವ ಗ್ಲೂಕೋಸ್ ಒಂದು ಟೀ ಚಮಚದಷ್ಟು! 100 ಗ್ರಾಂ ಅಕ್ಕಿಯ ಅನ್ನ ಉಂಡರೆ ಒಳಗೆ ಬರುವುದು 75 ಗ್ರಾಂಗಿಂತ ಜಾಸ್ತಿ. ಬಂದದ್ದನ್ನು ಬಂದ ಹಾಗೇ ಪಕ್ಕಕ್ಕೆ ಸಾಗಿಸದಿದ್ದರೆ ಏನಾಗುತ್ತದೆ ಎಂದು ಈ ಎರಡು ಸಂಖ್ಯೆ ನೋಡಿದರೆ ಗೊತ್ತಾಗುತ್ತದೆ. ಇನ್ಸುಲಿನ್ನಿನ ಕೆಲಸ ಅದು.

ಸಾಗಿಸುವುದು ಎಲ್ಲಿಗೆ? ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಸುಡುತ್ತದೆ. ಕೆಂಪು ರಕ್ತಕಣಗಳಲ್ಲಿ ಮೈಟೋಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಭಾಗ ಇಲ್ಲ, ಅವಕ್ಕೆ ಗ್ಲೂಕೋಸ್ ಬಿಟ್ಟು ಬೇರೆ ಇಂಧನವೇ ಇಲ್ಲ. ಉಳಿದದ್ದು ಗ್ಲೈಕೋಜನ್ ಅನ್ನುವ ಗ್ಲೂಕೋಸ್ ಸರಪಳಿಯಾಗಿ ಕೂಡುತ್ತದೆ, ಪಿತ್ತಜನಕಾಂಗದಲ್ಲಿ 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಆಸುಪಾಸು. ಗ್ಲೈಕೋಜನ್ನಿನ ಗಂಟೂ ಪಿಷ್ಟದ್ದೇ, ಆದರೆ ಕವಲು ತುಂಬಾ ಜಾಸ್ತಿ. ಕವಲು ಜಾಸ್ತಿಯಾದರೆ ತುದಿ ಜಾಸ್ತಿ, ಗ್ಲೂಕೋಸನ್ನು ಕಳಚುವುದು ತುದಿಯಿಂದ. ಬಸ್ ಹಿಡಿಯಲು ಓಡುವಾಗ ಒಂದೇ ಸಲ ಸಾವಿರಾರು ತುದಿಗಳಲ್ಲಿ ಕೆಲಸ ಶುರುವಾಗುತ್ತದೆ. ಸ್ನಾಯು ತನ್ನದನ್ನು ತಾನೇ ಬಳಸುತ್ತದೆ, ರಕ್ತಕ್ಕೆ ಗ್ಲೂಕೋಸ್ ಬಿಡಲು ಬೇಕಾದ ಕಿಣ್ವ ಅದರಲ್ಲಿಲ್ಲ. ಊರಿಗೆಲ್ಲ ಹಂಚುವುದು ಪಿತ್ತಜನಕಾಂಗ ಮಾತ್ರ.

"ಅನ್ನ ಬಿಟ್ಟೆ ಮಿಸ್, ಒಂದೇ ವಾರದಲ್ಲಿ ಎರಡು ಕೆಜಿ ಇಳಿದೆ" ಎಂದು ಒಬ್ಬಳು ಹುಡುಗಿಯ ತಾಯಿ ಹೇಳಿದರು. ಅದಕ್ಕೂ ಲೆಕ್ಕ ಇದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅರ್ಧ ಕೆಜಿ ಗ್ಲೈಕೋಜನ್ ಖರ್ಚಾದರೆ ಜೊತೆಗೆ ಒಂದೂವರೆ ಕೆಜಿ ನೀರೂ ಹೋಗುತ್ತದೆ. ಕರಗಿದ್ದು ಹೆಚ್ಚಾಗಿ ಕೊಬ್ಬಲ್ಲ, ನೀರು. ಎರಡು ದಿನ ಅನ್ನ ಉಂಡರೆ ವಾಪಸ್. ಇಡೀ ದಿನ ಏನೂ ತಿನ್ನದಿದ್ದರೆ ಪಿತ್ತಜನಕಾಂಗದ ದಾಸ್ತಾನು ಬಹುತೇಕ ಮುಗಿದು, ಪ್ರೋಟೀನ್ ಒಡೆದು ಗ್ಲೂಕೋಸ್ ಮಾಡಿಕೊಳ್ಳುವುದು ಜೋರಾಗುತ್ತದೆ. ಏಕಾದಶಿ ಉಪವಾಸದವರಿಗೆ ಈ ಭಯವಿಲ್ಲ ಬಿಡಿ. ಅನ್ನ ಬಿಟ್ಟು ಸಬ್ಬಕ್ಕಿ, ಅವಲಕ್ಕಿ ತಿನ್ನುತ್ತಾರೆ, ಸಬ್ಬಕ್ಕಿಯಂತೂ ಹೆಚ್ಚುಕಡಿಮೆ ಬರೀ ಪಿಷ್ಟ.

ಬಿಚ್ಚಲಾಗದ ಗಂಟಿಗೂ ಕೆಲಸವಿದೆ. ಸೆಲ್ಯುಲೋಸ್‌ನಲ್ಲಿರುವುದು ಬೀಟಾ ಗಂಟು, ನಮ್ಮ ಅಮೈಲೇಸ್ ಬಿಚ್ಚುವುದು ಪಿಷ್ಟದಲ್ಲಿರುವ ಆಲ್ಫಾ ಗಂಟು ಮಾತ್ರ. ಹಾಗಾಗಿ ಸೊಪ್ಪಿನ ನಾರು ದೊಡ್ಡ ಕರುಳಿನವರೆಗೂ ಇಡಿಯಾಗಿ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಕೆಲವು ಬಗೆಯ ನಾರನ್ನು ಹುದುಗಿಸಿ ಬ್ಯುಟಿರೇಟ್ ತರಹದ ಆಮ್ಲ ಮಾಡುತ್ತವೆ, ದೊಡ್ಡ ಕರುಳಿನ ಗೋಡೆಯ ಕೋಶಗಳು ಅದನ್ನೇ ಇಂಧನ ಮಾಡಿಕೊಳ್ಳುತ್ತವೆ. ನಿನ್ನೆಯ ತಂಗಳನ್ನದಲ್ಲೂ ಸ್ವಲ್ಪ ಪಿಷ್ಟ ಬಿಗಿಯಾಗಿ ಕೂತು ನಾರಿನ ಹಾಗೆ ನಡೆದುಕೊಳ್ಳುತ್ತದೆ. ಸ್ವಲ್ಪ ಮಾತ್ರ.

ಕಾರ್ಬೋಹೈಡ್ರೇಟ್ ಅಂದರೆ ಬರೀ ಶಕ್ತಿ ಎಂದು ಒಂದೇ ಸಾಲು ಬರೆದು ಮುಗಿಸುವವರಿಗೆ ನಾನು ಬ್ಲಡ್ ಗ್ರೂಪ್ ನೆನಪಿಸುತ್ತೇನೆ. ಎ, ಬಿ, ಓ ಅನ್ನುವುದು ಕೆಂಪು ರಕ್ತಕಣದ ಮೇಲಿನ ಸಕ್ಕರೆಯ ವ್ಯತ್ಯಾಸ. ತುದಿಯಲ್ಲಿ ಗ್ಯಾಲಕ್ಟೋಸ್ ಸೇರಿದರೆ ಬಿ, ಅದರ ಸ್ವಲ್ಪ ಬದಲಾದ ರೂಪ ಸೇರಿದರೆ ಎ, ಎರಡೂ ಇಲ್ಲದಿದ್ದರೆ ಓ. ಇಂಥ ಸಕ್ಕರೆಗಳನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. ಕಡಲೆಕಾಯಿಯಲ್ಲೂ ಒಂದಿದೆ, ಅದು ಹುಡುಕುವುದು ಗ್ಯಾಲಕ್ಟೋಸನ್ನು. ಅದರ ಹರಳಿನ ರಚನೆಯನ್ನು ಬಿಡಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ, 1994ರಲ್ಲಿ ಪ್ರಕಟವಾಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದಾಗ ಮಕ್ಕಳಿಗೆ ಇದನ್ನು ಹೇಳಿ, ಪುಸ್ತಕದಲ್ಲಿ ಸಿಗುವುದಿಲ್ಲ.

ಎಲ್ಲ ಮುಗಿದ ಮೇಲೆ ಅಯೋಡಿನ್ ಬಿದ್ದ ಚೂರುಗಳನ್ನು ಕಸಕ್ಕೆ ಹಾಕಿ, ಬೀದಿಯ ಹಸುವಿಗೋ ನಾಯಿಗೋ ಹಾಕಬೇಡಿ. ಲೋಟಗಳನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆಯಿರಿ. ಬೆರಳಿಗೆ, ಸಿಂಕಿಗೆ ಕಂದು ಕಲೆ ಅಂಟಿರುತ್ತದೆ. ಆಗ ಬೇಡ ಅಂದ ನಿಂಬೆಹಣ್ಣನ್ನು ಈಗ ತಂದು ಉಜ್ಜಿ, ಕಲೆ ಹೋಗುತ್ತದೆ.